ಕೂಸಿನ ಕೈಯೂ ಕಲಿಯಲಿ, ಹೊಟ್ಟೆಯೂ ತುಂಬಲಿ



ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲೂಕುಗಳಲ್ಲಿ ಕಬ್ಬಿನ ಕಟಾವು ಪ್ರಾರಂಭವಾಯಿತೆಂದರೆ ಮನೆಯಲ್ಲಿ ಉಳಿಯುವ ಕೈಗಳು ಕಡಿಮೆ. ಕೃಷ್ಣೆಯ ದಂಡೆಯಿರಲಿ, ಘಟಪ್ರಭೆಯ ದಂಡೆಯಿರಲಿ, ಗಂಡಸರ ಸರಿಸಮನಾಗಿ ಹೆಂಗಸರೂ ಹೊಲಕ್ಕೆ ಹೋಗುವರು. ರಬಕವಿ-ಬನಹಟ್ಟಿಯ ಕಡೆಗೆ ನೇಕಾರರ ಮನೆಗಳಲ್ಲಿ ಮಗ್ಗದ ಕೆಲಸ ಬಿಡುವು ಕೊಡದು. ಆಗ ಇನ್ನೂ ಹೆಜ್ಜೆ ಕಲಿಯುತ್ತಿರುವ ಕೂಸು ಹಗಲೆಲ್ಲ ಇನ್ನೊಬ್ಬರ ಕೈಯಲ್ಲಿ ಬೆಳೆಯಬೇಕಾಗುವದು. ಕೆಲವು ಕೂಸುಗಳು ಮುದುಕಿ ಆಯಿಯ ಬಳಿ ಇರುವವು. ಕೆಲವು ಪಂಚಾಯತಿಯ ಕೂಸಿನ ಮನೆಗೆ ಹೋಗುವವು.

ಕೂಸಿನ ಮನೆಯೆಂದರೆ ಬಹಳ ಜನರಿಗೆ ಈಗ ಗೊತ್ತು. ಉದ್ಯೋಗ ಖಾತರಿಯ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗಾಗಿ ರಾಜ್ಯದ 4000 ಗ್ರಾಮ ಪಂಚಾಯತಿಗಳಲ್ಲಿ ಇಂಥ ಮನೆಗಳನ್ನು ತೆರೆಯುವ ಕೆಲಸವನ್ನು ಸರಕಾರವು 2023ರಲ್ಲಿ ಕೈಗೊಂಡಿತು. ಅಂಗನವಾಡಿಯು ಇದಕ್ಕಿಂತ ಹಳೆಯದು. 1975ರ ಅಕ್ಟೋಬರ 2ರಂದು ನಮ್ಮ ರಾಜ್ಯದಲ್ಲಿ ಮೊಟ್ಟಮೊದಲು ಟಿ. ನರಸೀಪುರದಲ್ಲಿ ಪ್ರಾರಂಭವಾಗಿ, ಅದು ಇಂದು ಹಳ್ಳಿಹಳ್ಳಿಗೂ ಬಂದಿದೆ.

ಈ ಪಾಠವು ಮೈಯಲ್ಲಿ ಸಣ್ಣದಾದ, ಬೆಳವಣಿಗೆಯಲ್ಲಿ ತುಸು ಹಿಂದುಳಿದ ಕೂಸಿನ ಬಗ್ಗೆ ಇದೆ. ಓರಗೆಯ ಮಕ್ಕಳು ರೊಟ್ಟಿಯ ತುಣುಕನ್ನು ಹಿಡಿದು ತಾವೇ ತಿನ್ನುವಾಗ, ಇದು ಬಾಯಿ ತೆರೆದು ಇನ್ನೊಬ್ಬರ ಕೈಯ ದಾರಿ ಕಾಯುತ್ತಿರುವದು. ಇಂಥ ಕೂಸು ತಾನೇ ಉಣ್ಣಲು ಕಲಿಯುವದು ಹೇಗೆ? ಇದು ಹೆಂಗಸರ ಮಾತೆಂದು ಗಂಡಸರು ಪತ್ರಿಕೆಯನ್ನು ಮಡಚಿ ಇಡಬೇಡಿರಿ. ನಿಮ್ಮ ಪಾಲಿನ ಕೆಲಸವೂ ಇದರಲ್ಲಿ ಉಂಟು.

ಎರಡು ತಪ್ಪು ದಾರಿಗಳು

ಹತ್ತು ಹನ್ನೆರಡು ಕೂಸುಗಳು ಒಟ್ಟಿಗೆ ಊಟಕ್ಕೆ ಕುಳಿತಾಗ ಸಣ್ಣ ಕೂಸು ಚೆಲ್ಲುವದು, ತಡ ಮಾಡುವದು. ನೋಡಿಕೊಳ್ಳುವವರಿಗೆ ಅವಸರ. ಅವರು ತಾವೇ ತುತ್ತಿಟ್ಟು ಬೇಗನೆ ಮುಗಿಸುವರು. ಹೊಟ್ಟೆ ತುಂಬಿತು, ಆದರೆ ಕೈ ಕಲಿಯಲಿಲ್ಲ. ನಾಳೆಯೂ ಇದೇ, ನಾಡದ್ದೂ ಇದೇ. ಹೀಗೆ ಕೂಸು ಎರಡು ವರ್ಷದ್ದಾದರೂ ಉಣಿಸಿಕೊಳ್ಳುವ ಕೂಸಾಗಿಯೇ ಉಳಿಯುವದು. ಉಣಿಸುವವರು ಒಂದು ದಿನ ಬಾರದಿದ್ದರೆ ಅದು ಉಪವಾಸ.

ಇನ್ನೊಂದು ತಪ್ಪು ಇದಕ್ಕೆ ವಿರುದ್ಧವಾದದ್ದು. "ವಯಸ್ಸಾಯಿತು, ತಾನೇ ಉಣ್ಣಲಿ" ಎಂದು ಗಂಗಾಳವನ್ನು ಮುಂದಿಟ್ಟು ಹೋಗುವದು. ಕೂಸು ಕೈಯಾಡಿಸುವದು, ಅರ್ಧ ಅನ್ನ ನೆಲಕ್ಕೆ, ಸ್ವಲ್ಪ ಅಂಗಿಗೆ, ನಾಲ್ಕು ಅಗುಳು ಬಾಯಿಗೆ. ಗಂಗಾಳ ಬರಿದಾದದ್ದನ್ನು ನೋಡಿ ಕೂಸು ಉಂಡಿತೆಂದು ನಾವು ತಿಳಿಯುವೆವು. ಮೊದಲೇ ತೂಕ ಕಡಿಮೆಯಿರುವ ಕೂಸಿಗೆ ಇದು ಬಹಳ ಕೆಡಕು.

ಸರಿಯಾದ ದಾರಿ ಇವೆರಡರ ನಡುವೆ ಇದೆ. ಒಂದೇ ಊಟದಲ್ಲಿ ಎರಡು ಕೆಲಸಗಳು ನಡೆಯಬೇಕು: ಒಂದು ಪಾಲು ಕೂಸಿನ ಕೈಯ ಅಭ್ಯಾಸಕ್ಕೆ, ಉಳಿದ ಪಾಲು ದೊಡ್ಡವರ ಕೈಯಿಂದ ಹೊಟ್ಟೆಗೆ. ಎಳೆಯ ಹೋರಿಯನ್ನು ನೀವು ಹೇಗೆ ಪಳಗಿಸುತ್ತೀರಿ? ಮೊದಲ ದಿನವೇ ಕಬ್ಬು ಹೇರಿದ ಗಾಡಿಗೆ ಹೂಡುವದಿಲ್ಲ. ಹಾಗೆಂದು ಕೊಟ್ಟಿಗೆಯಲ್ಲಿಯೇ ಕಟ್ಟಿ ಮೇವು ಹಾಕುತ್ತ ಕೂಡುವದೂ ಇಲ್ಲ. ನುರಿತ ಎತ್ತಿನ ಜೊತೆಗೆ ಬರಿಗಾಡಿಗೆ ಹೂಡಿ ಸ್ವಲ್ಪ ದೂರ ನಡೆಸುವಿರಿ. ಕೂಸಿನ ಕೈಗೂ ಅದೇ ನ್ಯಾಯ.

ವಯಸ್ಸನ್ನು ಸರಿಯಾಗಿ ಎಣಿಸಿರಿ

ಸಾಮಾನ್ಯವಾಗಿ ಆರು ತಿಂಗಳು ತುಂಬಿದ ಕೂಸಿಗೆ ಎದೆಹಾಲಿನ ಜೊತೆಗೆ ಮೆತ್ತಗಿನ ಊಟವನ್ನು ಪ್ರಾರಂಭಿಸಬೇಕು. ಎಂಟನೆಯ ತಿಂಗಳ ಸುಮಾರಿಗೆ ಅದು ತಿನಿಸನ್ನು ಇಡೀ ಅಂಗೈಯಿಂದ ಹಿಡಿದು ಬಾಯಿಗೆ ಒಯ್ಯುವದು. ಒಂಬತ್ತರಿಂದ ಹನ್ನೆರಡನೆಯ ತಿಂಗಳೊಳಗೆ ಹೆಬ್ಬೆರಳು ಮತ್ತು ತೋರುಬೆರಳುಗಳಿಂದ ಸಣ್ಣ ಅಗುಳನ್ನು ಹೆಕ್ಕುವದು. ಒಂದು ವರ್ಷಕ್ಕೆ ಇನ್ನೊಬ್ಬರು ಹಿಡಿದರೆ ಬಟ್ಟಲಿನಿಂದ ನೀರು ಕುಡಿಯುವದು. ಒಂದೂವರೆ ವರ್ಷದ ಹೊತ್ತಿಗೆ ಚೆಲ್ಲುತ್ತ ಚೆಲ್ಲುತ್ತ ಚಮಚೆಯನ್ನು ಬಳಸುವದು. ಎರಡು ವರ್ಷಕ್ಕೆ ಹೆಚ್ಚು ಪಾಲು ತಾನೇ ಉಣ್ಣುವದು.

ಆದರೆ ಎಲ್ಲ ಕೂಸುಗಳೂ ಒಂದೇ ಹೆಜ್ಜೆಯಲ್ಲಿ ನಡೆಯುವದಿಲ್ಲ. ದಿನ ತುಂಬುವ ಮೊದಲೇ ಹುಟ್ಟಿದ ಕೂಸಿನ ಲೆಕ್ಕವನ್ನು ಬೇರೆ ಮಾಡಬೇಕು. ಎಷ್ಟು ಮುಂಚೆ ಹುಟ್ಟಿತೋ ಅಷ್ಟನ್ನು ಕಳೆಯಬೇಕು. ಎರಡು ತಿಂಗಳು ಮುಂಚೆ ಹುಟ್ಟಿದ ಕೂಸಿಗೆ ಇಂದು ಹದಿನಾಲ್ಕು ತಿಂಗಳಾಗಿದ್ದರೆ ಅದರ ಕಲಿಕೆಯನ್ನು ಹನ್ನೆರಡು ತಿಂಗಳ ಕೂಸಿನ ಜೊತೆಗೆ ಹೋಲಿಸಿ ನೋಡತಕ್ಕದ್ದು. ಎರಡು ವರ್ಷದ ವರೆಗೆ ಹೀಗೆ ಎಣಿಸುವದು ವೈದ್ಯರ ರೂಢಿ. ಹುಟ್ಟಿದಾಗ ಎರಡೂವರೆ ಕಿಲೋಗ್ರಾಮಿಗಿಂತ ಕಡಿಮೆ ತೂಕವಿದ್ದ ಕೂಸುಗಳಿಗೂ, ಮೇಲಿಂದ ಮೇಲೆ ಜ್ವರ ಭೇದಿಗಳಿಂದ ಸೊರಗಿದ ಕೂಸುಗಳಿಗೂ ಕೈ ಬಲಿಯಲು ಹೆಚ್ಚು ದಿನ ಹಿಡಿಯಬಹುದು. ಪಕ್ಕದ ಮನೆಯ ಕೂಸಿನ ಜೊತೆಗೆ ಹೋಲಿಸಿ "ಇದು ಮಂದ" ಎಂದು ಅದರ ಮುಂದೆಯೇ ಆಡಬೇಡಿರಿ.

ವಯಸ್ಸಿಗಿಂತ ಗುರುತುಗಳನ್ನು ನೋಡುವದು ಮೇಲು. ಕತ್ತು ನಿಂತಿದೆಯೇ? ಆಧಾರ ಕೊಟ್ಟರೆ ಕೂಡುವದೇ? ಆಟಿಗೆಯನ್ನು ಹಿಡಿದು ಬಾಯಿಗೆ ಒಯ್ಯುವದೇ? ಉಣ್ಣುವವರ ಕೈಯನ್ನು ಆಸೆಯಿಂದ ನೋಡುವದೇ? ಇವು ಇದ್ದರೆ ಕೈಯ ಪಾಠವನ್ನು ಪ್ರಾರಂಭಿಸಬಹುದು.

ಮೊದಲು ಕೂಡ್ರಿಸುವದು

ಸೊಂಟ ಗಟ್ಟಿಯಾಗಿ ಕುಳಿತರೆ ಮಾತ್ರ ಕೈ ಬಿಡುವಾಗುವದು. ಸಣ್ಣ ಕೂಸು ಬೀಳದಂತೆ ನೆಲಕ್ಕೆ ಕೈ ಊರಿಕೊಂಡಿರುವದು. ಆ ಕೈ ಊಟಕ್ಕೆ ಹೇಗೆ ಬರಬೇಕು? ಆದುದರಿಂದ ಕೂಸನ್ನು ಗೋಡೆಗೆ ಬೆನ್ನು ಕೊಟ್ಟು ಕೂಡ್ರಿಸಿರಿ. ಹಳೆಯ ಕೌದಿಯನ್ನು ಸುರುಳಿ ಮಾಡಿ ಎರಡೂ ಮಗ್ಗುಲಿಗೆ ಇಡಿರಿ. ಅಷ್ಟರಿಂದಲೂ ಕೂಡದಿದ್ದರೆ ನಿಮ್ಮ ತೊಡೆಯ ಮೇಲೆ, ಅದರ ಬೆನ್ನು ನಿಮ್ಮ ಹೊಟ್ಟೆಗೆ ತಾಗುವಂತೆ ಕೂಡ್ರಿಸಿಕೊಳ್ಳಿರಿ. ಬೆನ್ನು ನೆಟ್ಟಗಿರಲಿ; ಗದ್ದ ಮೇಲಕ್ಕೆ ಏರದಿರಲಿ. ಮುಂದೆ ಒಂದು ಮಣೆಯನ್ನು ಎದೆಯ ಕೆಳಗಿನ ಮಟ್ಟಕ್ಕೆ ಬರುವಂತೆ ಎತ್ತರಿಸಿ ಇಟ್ಟರೆ ಮೊಳಕೈ ಊರಲು ಆಧಾರ ಸಿಗುವದು.

ಚಪ್ಪಟೆ ತಾಟಿಗಿಂತ ಅಂಚು ನೆಟ್ಟಗಿರುವ ಬಟ್ಟಲು ಒಳ್ಳೆಯದು. ಕೂಸು ಅನ್ನವನ್ನು ಅಂಚಿಗೆ ಒತ್ತಿ ಎತ್ತಿಕೊಳ್ಳಬಲ್ಲದು. ಉಕ್ಕಿನ ಬಟ್ಟಲು ಜಾರದಂತೆ ಅದರ ಕೆಳಗೆ ಒದ್ದೆ ಅರಿವೆಯನ್ನು ಹಾಸಿರಿ. ಚಮಚೆಯ ಹಿಡಿಕೆ ತೆಳ್ಳಗಿದ್ದರೆ ಶುಭ್ರವಾದ ಅರಿವೆಯ ಪಟ್ಟಿ ಸುತ್ತಿ ದಪ್ಪ ಮಾಡಿರಿ. ಆ ಪಟ್ಟಿಯನ್ನು ದಿನಾಲು ತೊಳೆಯಿರಿ. ಇದಕ್ಕೆಲ್ಲ ಹಣ ಬೇಕಾಗಿಲ್ಲ.

ಊಟದ ಹದ

ನೀರಾದ ಗಂಜಿಯು ಕೂಸಿನ ಕೈಯಲ್ಲಿ ನಿಲ್ಲದು, ಮೈಗೂ ಹತ್ತದು. ಸಣ್ಣ ಹೊಟ್ಟೆ ನೀರಿನಿಂದಲೇ ತುಂಬಿಬಿಡುವದು. ಚಮಚೆಯನ್ನು ಓರೆ ಮಾಡಿದರೂ ಸುರಿದುಹೋಗದಷ್ಟು ದಪ್ಪ ಇರಬೇಕು. ನಮ್ಮ ಅಡಿಗೆಯಲ್ಲಿಯೇ ಇಂಥವು ಬೇಕಾದಷ್ಟಿವೆ:

ಜೋಳದ ನುಚ್ಚನ್ನು ಮೆತ್ತಗೆ ಬೇಯಿಸಿ ಮೊಸರು ಕಲಸಿದ್ದು. ಬಿಸಿ ರೊಟ್ಟಿಯ ಮೆದು ಭಾಗವನ್ನು ಬೇಳೆಯಲ್ಲಿ ನೆನೆಯಿಸಿ ಕಿವುಚಿ ಒಂದು ಚಮಚೆ ತುಪ್ಪ ಹಾಕಿದ್ದು. ಹೆಸರುಬೇಳೆ ಅಕ್ಕಿಗಳ ಕಿಚಡಿ. ಅದರಲ್ಲಿ ಸಣ್ಣಗೆ ಹೆಚ್ಚಿದ ಮೆಂತ್ಯ ಇಲ್ಲವೆ ರಾಜಗಿರಿ ಸೊಪ್ಪು. ತತ್ತಿ ತಿನ್ನುವ ಮನೆಯಾದರೆ ಚೆನ್ನಾಗಿ ಕುದಿಸಿದ ತತ್ತಿ. ಶೇಂಗಾವನ್ನು ನುಣ್ಣಗೆ ಪುಡಿ ಮಾಡಿ ನುಚ್ಚಿನಲ್ಲಿ ಬೆರೆಸಬಹುದು. ಇಡಿ ಕಾಳನ್ನು ಮಾತ್ರ ಕೊಡಕೂಡದು.

ಕೈಯ ಅಭ್ಯಾಸಕ್ಕೆ ಬೇಯಿಸಿದ ಗೆಣಸು, ಬೇಯಿಸಿದ ಗಜ್ಜರಿ, ಮಾಗಿದ ಬಾಳೆಹಣ್ಣು ಬಹಳ ಅನುಕೂಲ. ನಿಮ್ಮ ಬೆರಳಿನಷ್ಟು ಉದ್ದವಾಗಿ ಕತ್ತರಿಸಿರಿ. ಎರಡು ಬೆರಳುಗಳ ನಡುವೆ ಒತ್ತಿದರೆ ಹಿಸುಕಿಹೋಗುವಷ್ಟು ಮೆತ್ತಗಿದ್ದರೆ ಮಾತ್ರ ಕೂಸಿನ ಕೈಗೆ ಕೊಡಿರಿ.

ಎಷ್ಟು ಕೊಡಬೇಕು? ಕಾಲು ಲೀಟರು ಹಿಡಿಯುವ ಬಟ್ಟಲನ್ನು ಅಳತೆಗೆ ಇಟ್ಟುಕೊಳ್ಳಿರಿ. ಒಂಬತ್ತರಿಂದ ಹನ್ನೊಂದು ತಿಂಗಳ ಕೂಸಿಗೆ ಪ್ರತಿ ಊಟಕ್ಕೆ ಅರ್ಧ ಬಟ್ಟಲು. ಒಂದು ವರ್ಷ ತುಂಬಿದ ಮೇಲೆ ಮುಕ್ಕಾಲರಿಂದ ಒಂದು ಪೂರ್ತಿ ಬಟ್ಟಲು. ದಿನಕ್ಕೆ ಮೂರರಿಂದ ನಾಲ್ಕು ಊಟ, ನಡುವೆ ಒಂದೆರಡು ಸಲ ತಿನಿಸು. ಎದೆಹಾಲನ್ನು ಎರಡು ವರ್ಷ ಹಾಗೂ ಅದಕ್ಕೂ ಮುಂದೆ ಕೊಡಬಹುದು. ಚಹಾದಲ್ಲಿ ಬಿಸ್ಕೀಟು ಅದ್ದಿ ತಿನ್ನಿಸುವ ರೂಢಿಯನ್ನು ಬಿಡಿರಿ. ಅದರಿಂದ ಹಸಿವೆ ಸಾಯುವದು. ಚಹಾವು ಊಟದಲ್ಲಿಯ ಕಬ್ಬಿಣದ ಅಂಶ ರಕ್ತಕ್ಕೆ ಸೇರದಂತೆ ತಡೆಯುವದು.

ಕೈಯ ಪಾಠದ ನಾಲ್ಕು ಮೆಟ್ಟಿಲುಗಳು

ಬೇಗ ಕಲಿಯುವ ಕೂಸು ನೋಡಿಯೇ ಕಲಿಯುವದು. ತಡವಾಗಿ ಕಲಿಯುವ ಕೂಸಿಗೆ ಕೆಲಸವನ್ನು ಸಣ್ಣ ಸಣ್ಣ ತುಂಡು ಮಾಡಿ ಕೊಡಬೇಕು. ಇಲ್ಲಿ ಒಂದು ಯುಕ್ತಿಯಿದೆ: ಕೆಲಸದ ಕೊನೆಯ ತುಂಡನ್ನು ಮೊದಲು ಕಲಿಸಬೇಕು. ಏಕೆಂದರೆ ಕೊನೆಯ ತುಂಡಿನ ಫಲ ಬಾಯಿಯಲ್ಲಿಯೇ ಸಿಗುವದು. ರುಚಿ ಹತ್ತಿದ ಕೂಸು ಮತ್ತೆ ಕೈ ಎತ್ತುವದು.

1. ಕೂಸಿನ ಹಿಂದೆ ಅಥವಾ ಮಗ್ಗುಲಿಗೆ ಕುಳಿತು ಅದರ ಕೈಯ ಮೇಲೆ ನಿಮ್ಮ ಕೈಯಿಡಿರಿ. ತುತ್ತು ಹಿಡಿಸಿ, ಎತ್ತಿಸಿ, ತುಟಿಯ ಹತ್ತಿರ ಒಯ್ದು ನಿಲ್ಲಿಸಿರಿ. ಬಾಯೊಳಗೆ ಇಟ್ಟುಕೊಳ್ಳುವ ಕೆಲಸವೊಂದನ್ನು ಅದಕ್ಕೆ ಬಿಡಿರಿ.

2. ಅದು ಬಂದ ಮೇಲೆ ಅರ್ಧ ದಾರಿಗೆ ಕೈ ಬಿಡಿರಿ. ಎದೆಯ ಮಟ್ಟದಿಂದ ಬಾಯಿಯ ವರೆಗೆ ಕೂಸೇ ಒಯ್ಯಲಿ.

3. ಅನಂತರ ಬಟ್ಟಲಿನಲ್ಲಿ ತುತ್ತು ಹಿಡಿಸುವಷ್ಟು ಮಾತ್ರ ನೆರವಾಗಿರಿ. ಎತ್ತುವದು, ಒಯ್ಯುವದು, ಇಟ್ಟುಕೊಳ್ಳುವದು ಕೂಸಿನ ಕೆಲಸ.

4. ಕೊನೆಗೆ ತುತ್ತು ಹಿಡಿಯುವದನ್ನೂ ಅದಕ್ಕೇ ಬಿಡಿರಿ. ನೀವು ಬಟ್ಟಲನ್ನು ಹಿಡಿದುಕೊಂಡು ಬಳಿಯಲ್ಲಿಯೇ ಇರಿ.

ಒಂದೊಂದು ಮೆಟ್ಟಿಲಿಗೆ ಕೆಲವು ದಿನ ಹಿಡಿಯಬಹುದು, ಕೆಲವು ವಾರವೂ ಹಿಡಿಯಬಹುದು. ಮೊದಲು ಕೈಯಿಂದ ಕಲಿಸಿರಿ. ಚಮಚೆಯನ್ನು ಆಮೇಲೆ ಇದೇ ಕ್ರಮದಿಂದ ಕಲಿಸಬಹುದು. ನೀರಿನ ಪಾಠಕ್ಕೆ ಸಣ್ಣ ಬಟ್ಟಲಿನಲ್ಲಿ ಎರಡೇ ಗುಟುಕು ನೀರು ಹಾಕಿರಿ, ಚೆಲ್ಲಿದರೂ ಚಿಂತೆಯಿಲ್ಲ.

ಊಟದ ಮೊದಲ ಐದು ಹತ್ತು ನಿಮಿಷಗಳನ್ನು ಈ ಅಭ್ಯಾಸಕ್ಕೆ ಕೊಡಿರಿ. ಆಗ ಹಸಿವೆಯಿರುವದು, ಮನಸ್ಸಿರುವದು. ಕೈ ದಣಿದ ಕೂಡಲೆ ನೀವು ತುತ್ತಿಡಿರಿ. ಅದರ ಕೈಯಲ್ಲಿ ಒಂದು ಗೆಣಸಿನ ತುಂಡು ಇರಲಿ. ಊಟವೆಲ್ಲ ಸೇರಿ ಅರ್ಧ ತಾಸಿನೊಳಗೆ ಮುಗಿಯಲಿ. ನೆಲಕ್ಕೆ ಬಿದ್ದದ್ದು ಹೊಟ್ಟೆಗೆ ಹೋಗಲಿಲ್ಲವೆಂಬ ಲೆಕ್ಕವನ್ನು ಇಟ್ಟು, ಅಷ್ಟನ್ನು ಮತ್ತೆ ಬಡಿಸಿರಿ. "ಕೈ ಕೆಸರಾದರೆ ಬಾಯಿ ಮೊಸರು" ಎಂದು ದೊಡ್ಡವರಿಗೆ ಹೇಳುವ ನಾವು ಕೂಸಿನ ಕೈ ಮೆತ್ತಿದರೆ ಸಿಟ್ಟಾಗುವದೇಕೆ?

ಕೂಸಿನ ಮನೆಯ ಪಂಕ್ತಿಯಲ್ಲಿ

ಒಬ್ಬಿಬ್ಬರು ಹೆಣ್ಣುಮಕ್ಕಳು ಹತ್ತಾರು ಕೂಸುಗಳನ್ನು ನೋಡುವಲ್ಲಿ ಇದೆಲ್ಲ ನಡೆಯುವದೇ ಎಂದು ನೀವು ಕೇಳಬಹುದು. ಕ್ರಮವಿದ್ದರೆ ನಡೆಯುವದು. ತಾನೇ ಉಣ್ಣುವ ಮಕ್ಕಳಿಗೆ ಮೊದಲು ಬಡಿಸಿ, ಹಿಂದುಳಿದ ಒಂದೆರಡು ಕೂಸುಗಳನ್ನು ಬಡಿಸುವವರ ಮಗ್ಗುಲಿಗೇ ಕೂಡ್ರಿಸಿಕೊಳ್ಳಬೇಕು. ಅವುಗಳ ಎದುರಿಗೆ ಚೆನ್ನಾಗಿ ಉಣ್ಣುವ ಒಂದು ಕೂಸು ಇರಲಿ. ಮಕ್ಕಳು ಮಕ್ಕಳನ್ನು ನೋಡಿ ಕಲಿಯುವವು. ದಿನಾಲು ಅದೇ ಜಾಗ, ಅದೇ ಬಟ್ಟಲು, ಅದೇ ಮಾತು ಇದ್ದರೆ ತಡವಾಗಿ ಕಲಿಯುವ ಕೂಸಿಗೆ ಧೈರ್ಯ ಬರುವದು. ಊಟಕ್ಕೆ ಮುಂಚೆ ಕೂಸಿನ ಕೈ ಮತ್ತು ಉಣಿಸುವವರ ಕೈ ಎರಡನ್ನೂ ಸಾಬೂನಿನಿಂದ ತೊಳೆಯತಕ್ಕದ್ದು, ಉಗುರು ಕತ್ತರಿಸಿರಬೇಕು.

ಮನೆಯಲ್ಲಿ ಒಂದು ರೀತಿ, ಕೂಸಿನ ಮನೆಯಲ್ಲಿ ಇನ್ನೊಂದು ರೀತಿ ಆದರೆ ಪಾಠ ಮರೆತುಹೋಗುವದು. ಆದುದರಿಂದ ಸಂಜೆ ಕೂಸನ್ನು ಕರೆದೊಯ್ಯುವಾಗ ಎರಡು ಪ್ರಶ್ನೆ ಕೇಳಿರಿ: "ಅಕ್ಕಾರ, ಇವತ್ತು ಎಷ್ಟು ಉಂಡಿತು? ಕೈ ಎಲ್ಲಿವರೆಗೆ ಬಂತು?" ರಾತ್ರಿಯ ಊಟದಲ್ಲಿ ಅದೇ ಮೆಟ್ಟಿಲನ್ನು ಮುಂದುವರಿಸಿರಿ. ಆಯಿಗೂ ಇದನ್ನು ತಿಳಿಸಿ ಹೇಳಿರಿ. ಮೊಮ್ಮಗುವಿನ ಮೇಲಿನ ಅಂತಃಕರಣದಿಂದ ಆಯಿ ಕೊನೆಯ ತುತ್ತಿನ ವರೆಗೆ ತಾನೇ ಉಣಿಸುವಳು. ಮೊದಲ ಐದು ತುತ್ತುಗಳನ್ನು ಕೂಸಿನ ಕೈಗೆ ಬಿಡಲು ಅವಳನ್ನು ಒಪ್ಪಿಸಿದರೆ ಸಾಕು.

ಮಾಡಕೂಡದ ಕೆಲಸಗಳು

ಕೂಸನ್ನು ಕಾಲ ಮೇಲೆ ಅಂಗಾತ ಮಲಗಿಸಿ ಒಳಲೆಯಿಂದ ಗಂಜಿ ಹೊಯ್ಯುವ ಪದ್ಧತಿ ಕೆಲವು ಮನೆಗಳಲ್ಲಿ ಇಂದಿಗೂ ಉಂಟು. ಅಳುವ ಕೂಸಿನ ಬಾಯಿಗೆ ಹೊಯ್ದದ್ದು ಉಸಿರಿನ ನಾಳಕ್ಕೆ ಇಳಿಯಬಹುದು. ಇದನ್ನು ಬಿಟ್ಟುಬಿಡಬೇಕು. ಮೂಗು ಹಿಡಿದು, ಕೈ ಕಟ್ಟಿ, ಹೆದರಿಸಿ ಉಣಿಸಬಾರದು; ಕೂಸು ಊಟಕ್ಕೇ ಅಂಜುವದು. ಮೊಬೈಲು ತೋರಿಸುತ್ತ ಉಣಿಸಿದರೆ ಕಣ್ಣು ಅಲ್ಲಿಯೇ ನಿಲ್ಲುವದು, ಕೈ ಬಟ್ಟಲಿಗೆ ಬಾರದು.

ಇಡಿ ಶೇಂಗಾ, ಪುಠಾಣಿ, ಕಡಲೆಕಾಳು, ಇಡಿ ದ್ರಾಕ್ಷಿ, ಹಸಿ ಗಜ್ಜರಿಯ ತುಂಡು, ಕಬ್ಬಿನ ಗಣಿಕೆಯ ಚೂರು ಇವುಗಳನ್ನು ಸಣ್ಣ ಕೂಸಿನ ಕೈಗೆ ಕೊಡಬೇಡಿರಿ. ಗಂಟಲಿಗೆ ಸಿಕ್ಕು ಪ್ರಾಣಕ್ಕೆ ಸಂಚಕಾರ ತರುವವು. ಒಂದು ವರ್ಷದೊಳಗಿನ ಕೂಸಿಗೆ ಜೇನುತುಪ್ಪ ಬೇಡ. ಉಣ್ಣುವ ಕೂಸನ್ನು ಒಂಟಿಯಾಗಿ ಬಿಟ್ಟು ಏಳಬೇಡಿರಿ.

ಗಂಟಲಿಗೆ ಸಿಕ್ಕು ಕೂಸು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿರಿ. ದನಿ ಹೊರಡದೆ ಉಸಿರು ಕಟ್ಟಿದರೆ ತಡಮಾಡದೆ ತಲೆ ಕೆಳಮುಖವಾಗುವಂತೆ ಮುಂಗೈಯ ಇಲ್ಲವೆ ತೊಡೆಯ ಮೇಲೆ ಬೋರಲು ಹಾಕಿಕೊಂಡು, ಎರಡು ರೆಕ್ಕೆಯ ಎಲುಬುಗಳ ನಡುವೆ ಅಂಗೈಯ ಬುಡದಿಂದ ಐದು ಸಲ ಬಿಗಿಯಾಗಿ ತಟ್ಟಿರಿ. ಒಬ್ಬರು 108ಕ್ಕೆ ಕರೆ ಮಾಡಲಿ. ಕಣ್ಣಿಗೆ ಕಾಣದ ವಸ್ತುವಿಗಾಗಿ ಬಾಯೊಳಗೆ ಬೆರಳಾಡಿಸಕೂಡದು. ಅದು ಇನ್ನೂ ಒಳಗೆ ಹೋಗುವದು. ಮುಂದಿನ ಕ್ರಮವನ್ನು ಆರೋಗ್ಯ ಕೇಂದ್ರದ ದಾದಿಯಿಂದ ಕೈಯಾರೆ ಮಾಡಿ ತೋರಿಸಿಕೊಂಡು ಮುಂಚಿತವಾಗಿಯೇ ಕಲಿತಿರಬೇಕು.

ಯಾವಾಗ ವೈದ್ಯರಿಗೆ ತೋರಿಸಬೇಕು

ಪ್ರತಿ ತಿಂಗಳು ಕೂಸಿನ ತೂಕ ಮಾಡಿಸಿ ತಾಯಿ ಕಾರ್ಡಿನಲ್ಲಿ ಬರೆಯಿಸಿರಿ. ಗೆರೆ ಮೇಲಕ್ಕೆ ಹೋಗುತ್ತಿದ್ದರೆ ಕೂಸು ಸಣ್ಣದಾದರೂ ಬೆಳೆಯುತ್ತಿದೆಯೆಂದು ತಿಳಿಯಬೇಕು. ಗೆರೆ ಅಡ್ಡ ಬಿದ್ದರೆ ಅಥವಾ ಕೆಳಗಿಳಿದರೆ ಸುಮ್ಮನಿರಕೂಡದು. ಅಂಗನವಾಡಿಯಲ್ಲಿ ತೋಳಿನ ಸುತ್ತಳತೆ ನೋಡುವ ಪಟ್ಟಿಯಿದೆ. ಆರು ತಿಂಗಳಿನಿಂದ ಐದು ವರ್ಷದೊಳಗಿನ ಕೂಸಿನ ತೋಳು 12.5 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಕೊರತೆ, 11.5ಕ್ಕಿಂತ ಕಡಿಮೆಯಿದ್ದರೆ ತೀವ್ರ ಕೊರತೆ. ಅಂಥ ಕೂಸನ್ನು ಕೂಡಲೆ ವೈದ್ಯರಿಗೆ ತೋರಿಸಬೇಕು. ಅವರು ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಕಳಿಸಿದರೆ ಕಟಾವಿನ ನೆಪ ಹೇಳಬೇಡಿರಿ. ಕಬ್ಬು ನಾಲ್ಕು ದಿನ ನಿಂತೀತು, ಕೂಸು ನಿಲ್ಲದು.

ಇವುಗಳನ್ನೂ ಗಮನಿಸಿರಿ: ಪ್ರತಿ ಊಟಕ್ಕೂ ಕೆಮ್ಮುವದು, ಮೂಗಿನಿಂದ ಹಾಲು ಬರುವದು, ಒಂದು ಕೈಯನ್ನು ಯಾವಾಗಲೂ ಮುಷ್ಟಿ ಬಿಗಿದೇ ಇಡುವದು, ಹತ್ತು ತಿಂಗಳಾದರೂ ಆಧಾರವಿಲ್ಲದೆ ಕೂಡದಿರುವದು, ಕಲಿತದ್ದನ್ನು ಮರೆಯುವದು. ಇದು ದೃಷ್ಟಿ ತಾಗಿದ್ದಲ್ಲ, ಯಾರ ಪಾಪವೂ ಅಲ್ಲ. 2013ರಲ್ಲಿ ಪ್ರಾರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಂತೆ ವೈದ್ಯರ ತಂಡವು ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬಂದು ಮಕ್ಕಳನ್ನು ಪರೀಕ್ಷಿಸುವ ಏರ್ಪಾಡಿದೆ. ಆ ದಿನವನ್ನು ಕೇಳಿಟ್ಟುಕೊಂಡು ಕೂಸನ್ನು ತಪ್ಪದೆ ಒಯ್ಯಿರಿ. ಬೇಗ ತೋರಿಸಿದಷ್ಟು ಒಳಿತು ಹೆಚ್ಚು.

ರೈತನ ಪಾಲಿನ ಕೆಲಸ

ದಿನಕ್ಕೆ ಒಂದು ಊಟವನ್ನು ತಂದೆಯು ಕೂಸಿನ ಮಗ್ಗುಲಿಗೆ ಕುಳಿತು ಮಾಡಲಿ; ರಾತ್ರಿಯ ಊಟ ಇದಕ್ಕೆ ಅನುಕೂಲ. ಗ್ರಾಮಸಭೆಯಲ್ಲಿ ರಸ್ತೆ ಗಟಾರುಗಳ ಮಾತಿನ ಜೊತೆಗೆ ಕೂಸಿನ ಮನೆಯ ಮಾತನ್ನೂ ಎತ್ತಿರಿ. ಕುಡಿಯುವ ನೀರಿದೆಯೇ? ಸಾಬೂನು, ಚಾಪೆ, ಅಂಚಿನ ಬಟ್ಟಲುಗಳು ಇವೆಯೇ? ನೋಡಿಕೊಳ್ಳುವ ಹೆಣ್ಣುಮಕ್ಕಳಿಗೆ ಸಂಬಳ ಹೊತ್ತಿಗೆ ಮುಟ್ಟುವದೇ?

ನಿಮ್ಮ ಹೊಲಕ್ಕೆ ಕಬ್ಬು ಕಡಿಯಲು ಪರಊರಿನ ಗ್ಯಾಂಗು ಬಂದಿದ್ದರೆ ಅವರ ಕೂಸುಗಳೂ ಬಂದಿರುವವು. ಅವು ರವದಿಯ ಮೇಲೆ ಬಿಸಿಲಿಗೆ ಬಿದ್ದುಕೊಂಡು, ತಾಯಿ ಬಿಡುವಾದಾಗಲೇ ಉಣ್ಣುವವು. ಅವರಿಗೆ ನಿಮ್ಮ ಊರಿನ ಅಂಗನವಾಡಿಯನ್ನೂ ಕೂಸಿನ ಮನೆಯನ್ನೂ ತೋರಿಸಿಕೊಡಿರಿ. ಅಕ್ಕನವರಿಗೆ ಒಂದು ಮಾತು ಹೇಳಿರಿ. ಆ ಕೂಸಿನ ಹಸಿವೆಗೆ ಪರಊರೆಂಬುದಿಲ್ಲ.

ನೆನಪಿಡತಕ್ಕ ಮಾತುಗಳು

1. ಒಂದೇ ಊಟದಲ್ಲಿ ಕೈಗೂ ಪಾಲು, ಹೊಟ್ಟೆಗೂ ಪಾಲು.
2. ಮುಂಚೆ ಹುಟ್ಟಿದ ಕೂಸಿನ ವಯಸ್ಸನ್ನು ಕಳೆದು ಎಣಿಸಿರಿ.
3. ಮೊದಲು ಭದ್ರವಾಗಿ ಕೂಡ್ರಿಸಿರಿ, ಆಮೇಲೆ ಬಡಿಸಿರಿ.
4. ಕೆಲಸದ ಕೊನೆಯ ತುಂಡನ್ನು ಮೊದಲು ಕಲಿಸಿರಿ.
5. ಚೆಲ್ಲಿದಷ್ಟನ್ನು ಮತ್ತೆ ಬಡಿಸಿರಿ.
6. ತಿಂಗಳಿಗೊಮ್ಮೆ ತೂಕ ತಪ್ಪದಿರಲಿ.

ಮಹಿಳಾ ಸಂಘದಲ್ಲಿ, ಚಾವಡಿಯಲ್ಲಿ ಚರ್ಚಿಸಿರಿ

ನಮ್ಮ ಊರಿನಲ್ಲಿ ಒಂದೂವರೆ ವರ್ಷ ದಾಟಿಯೂ ತಾನೇ ಉಣ್ಣದ ಕೂಸುಗಳು ಎಷ್ಟು? ಅವುಗಳ ತೂಕ ಕೊನೆಗೆ ಆದದ್ದು ಯಾವಾಗ? ಹಗಲು ಅವುಗಳ ಮಗ್ಗುಲಿಗೆ ಕುಳಿತು ಉಣಿಸುವವರು ಯಾರು? ಈ ಮೂರು ಪ್ರಶ್ನೆಗಳಿಗೆ ಹೆಸರು ಹಿಡಿದು ಉತ್ತರ ಹೇಳಲು ಬಂದರೆ ಅರ್ಧ ಕೆಲಸವಾದಂತೆ. ಉಳಿದರ್ಧವನ್ನು ಇಂದಿನ ರಾತ್ರಿಯ ಊಟದಿಂದಲೇ ಪ್ರಾರಂಭಿಸಿರಿ.